ಬಿಸಿಲಿಗೂ ಒಂದು ಮುದ್ರೆ ಸೇರು: ಕ್ಯಾತಗಾನಚೆರ್ಲು ಸೂರ್ಯನನ್ನು ಅಂಕಿಯಾಗಿಸಿದ ಕಥೆ

ಇವತ್ತಿನ ಎಪಿಸೋಡ್ ಬಿಸಿಲಿನ ಬಗ್ಗೆ. ಬಿಸಿಲಿಗೆ ಏನ್ರೀ ಇತಿಹಾಸ ಅಂತ ಕೇಳ್ಬೇಡಿ. ಬಿಸಿಲಿಗೆ ಇಲ್ಲದೇ ಇರಬಹುದು, ಅದನ್ನು ಅಳೆಯೋದಕ್ಕೆ ಖಂಡಿತ ಇದೆ. ಆ ಇತಿಹಾಸದಲ್ಲಿ ನಮ್ಮ ಬೆಂಗಳೂರು ಇದೆ, ಪುಣೆ ಇದೆ, ಸ್ವಿಟ್ಜರ್ಲೆಂಡಿನ ಒಂದು ಬೆಟ್ಟದೂರು ಇದೆ. ಕಥೆ ಬಂದು ನಿಲ್ಲೋದು ಮಾತ್ರ ಪಾವಗಡದ ಒಂದು ಹಳ್ಳಿಯಲ್ಲಿ.

ತುಮಕೂರು ಜಿಲ್ಲೆಯ ನಕ್ಷೆ ತೆಗೆದು ನೋಡಿ. ಉತ್ತರದ ತುದಿಯಲ್ಲಿ, ಮೂರು ಕಡೆಯಿಂದ ಆಂಧ್ರ ಸುತ್ತುವರಿದಿರೋ ತಾಲ್ಲೂಕು ಪಾವಗಡ. ಅಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಅಂತ ಐದು ಊರುಗಳಿವೆ. ತೆಲುಗಿನಲ್ಲಿ ಚೆರುವು ಅಂದ್ರೆ ಕೆರೆ. ಹೆಸರಲ್ಲಿ ಕೆರೆಯ ನೆನಪು ತರುವ ಈ ಸೀಮೆ, ಆರು ದಶಕಗಳಲ್ಲಿ 54 ಸಲ ಬರಪೀಡಿತ ಅಂತ ಘೋಷಣೆಯಾದ ತಾಲ್ಲೂಕು ಎಂದು ವರದಿಗಳು ಹೇಳ್ತವೆ. ಕಡ್ಲೆಕಾಯಿ ಬಿತ್ತಿ, ಮೋಡ ನೋಡ್ತಾ ಕೂರೋ ಜಾಗ.

ಈ ಐದು ಊರುಗಳ ಸುಮಾರು 13,000 ಎಕರೆ ಮೇಲೆ ಈಗ ಇರೋದು 2,050 ಮೆಗಾವಾಟ್ ಸಾಮರ್ಥ್ಯದ ಪಾವಗಡ ಸೋಲಾರ್ ಪಾರ್ಕ್. 2015ರಲ್ಲಿ ಇದಕ್ಕಾಗಿಯೇ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಹುಟ್ಟಿತು. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟನೆ ಮಾಡಿದರು. 2019ರ ಡಿಸೆಂಬರ್ ಹೊತ್ತಿಗೆ ಪೂರ್ತಿ ಸಾಮರ್ಥ್ಯ ಬಂತು. ಇಲ್ಲಿನ ವಿಶೇಷ ಏನಪ್ಪಾ ಅಂದ್ರೆ, ಜಮೀನು ರೈತರಿಂದ ಕೊಂಡಿದ್ದಲ್ಲ, ಗುತ್ತಿಗೆಗೆ ತಗೊಂಡಿದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿಯಲ್ಲಿ ಹೆಸರು ರೈತರದ್ದೇ.

ಇಲ್ಲಿವರೆಗೆ ನಿಮಗೆ ಗೊತ್ತಿರೋ ಸುದ್ದಿ. ಈಗ ಒಂದು ಪ್ರಶ್ನೆ. ಪ್ಯಾನೆಲ್‌ಗಳಿಂದ ಎಷ್ಟು ಕರೆಂಟ್ ಹೊರಗೆ ಹೋಯ್ತು ಅಂತ ಮೀಟರ್ ಹೇಳುತ್ತೆ. ಆದರೆ ಮೇಲಿಂದ ಎಷ್ಟು ಬಿಸಿಲು ಬಿತ್ತು? ಅದು ಗೊತ್ತಿಲ್ಲದೆ ಪ್ಯಾನೆಲ್ ಚೆನ್ನಾಗಿ ಕೆಲಸ ಮಾಡ್ತಿದೆಯೋ, ಸೋಮಾರಿಯಾಗಿದೆಯೋ ಹೇಳೋದು ಹೇಗೆ? ಎಷ್ಟು ಮೇವು ಹಾಕಿದ್ವಿ ಅಂತ ಗೊತ್ತಿಲ್ಲದೆ ಹಸು ಹಾಲು ಕಮ್ಮಿ ಕೊಡ್ತು ಅಂತ ಬೈಯೋಕಾಗುತ್ತಾ?

ಹಾಗಾಗಿ ಬಿಸಿಲನ್ನೇ ಅಳೀಬೇಕು. ಅಳೆಯೋ ವಸ್ತುವಿನ ಹೆಸರು ಪೈರನೋಮೀಟರ್. ಗಾಜಿನ ಗುಮ್ಮಟದೊಳಗೆ ಒಂದು ಕಪ್ಪು ಬಿಲ್ಲೆ. ಬಿಸಿಲು ಬಿದ್ದರೆ ಬಿಲ್ಲೆ ಕಾಯುತ್ತೆ. ಕಾದಷ್ಟೂ ಅದರ ಕೆಳಗಿನ ಲೋಹದ ಬೆಸುಗೆಗಳಲ್ಲಿ ಚೂರೇ ಚೂರು ವೋಲ್ಟೇಜ್ ಹುಟ್ಟುತ್ತೆ. ಚೂರು ಅಂದ್ರೆ ಎಷ್ಟು? ನೆತ್ತಿ ಸುಡೋ ಮಧ್ಯಾಹ್ನ, ಚದರ ಮೀಟರಿಗೆ 1,000 ವಾಟ್ ಬಿಸಿಲು ಬಿದ್ದಾಗ, ಸಾಮಾನ್ಯವಾಗಿ 10 ಮಿಲಿವೋಲ್ಟ್ ಆಸುಪಾಸು. ಗೋಡೆ ಗಡಿಯಾರಕ್ಕೆ ಹಾಕೋ ಸೆಲ್‌ನ ನೂರೈವತ್ತನೇ ಒಂದು ಭಾಗ. ಈ ಪಿಸುಮಾತನ್ನು ಸರಿಯಾಗಿ ಕೇಳಿಸಿಕೊಂಡು ಅಂಕಿಯಾಗಿ ಬರೆಯೋದೇ ಇವತ್ತಿನ ಕಥೆಯ ಹೀರೋ: ಅನಲಾಗ್-ಟು-ಡಿಜಿಟಲ್ ಕನ್ವರ್ಟರ್, ಚಿಕ್ಕದಾಗಿ ಎಡಿಸಿ.

ಮುದ್ರೆ ಸೇರಿನಿಂದ ಸರಪಳಿವರೆಗೆ

ಎಡಿಸಿಗೆ ಹೋಗೋ ಮುಂಚೆ ಸ್ವಲ್ಪ ಹಿಂದೆ ಹೋಗೋಣ. ಅಳತೆ ಸಾಧನವನ್ನು ನಂಬಬೇಕಾದರೆ ಅದನ್ನು ಇನ್ನೊಂದು ನಂಬಿಕಸ್ಥ ಅಳತೆಯ ಪಕ್ಕ ಇಟ್ಟು ನೋಡಬೇಕು. ಇದಕ್ಕೆ ಈಗ ಕ್ಯಾಲಿಬ್ರೇಷನ್ ಅಂತೀವಿ. ಆದರೆ ವಿಷಯ ಹಳೇದು. ನಮ್ಮ ಅಜ್ಜಿಯರ ಕಾಲದಲ್ಲಿ ಸೇರು, ಬಳ್ಳ, ಕೊಳಗ ಇದ್ದವು. ಸಂತೆಯಲ್ಲಿ ಸರ್ಕಾರದ ಮುದ್ರೆ ಬಿದ್ದ ಸೇರಿಗೆ ಬೇರೆಯದೇ ಮರ್ಯಾದೆ. ಬಳ್ಳಿಗಾವಿ ಕಡೆಯ ಶಾಸನಗಳಲ್ಲಿ ಭೇರುಂಡ ಗಳೆ ಅನ್ನೋ ಭೂಮಿ ಅಳೆಯುವ ಕೋಲಿನ ಹೆಸರು ಬರುತ್ತೆ. ಯಾವ ಕೋಲಿನಿಂದ ಅಳೆದಿದ್ದು ಅಂತ ಕಲ್ಲಿನ ಮೇಲೆ ಬರೆದಿಡ್ತಿದ್ರು ಅಂದ್ರೆ ಯೋಚನೆ ಮಾಡಿ. ಕೋಲು ಬದಲಾದರೆ ಜಮೀನೇ ಬದಲಾಗುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಕಥೆ ಬೆಂಗಳೂರಿನದ್ದೇ. ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ. ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಅನ್ನೋ ಬ್ರಿಟಿಷ್ ಅಧಿಕಾರಿ ಬೆಂಗಳೂರಿನ ಹತ್ತಿರ ಸುಮಾರು ಏಳು ಮೈಲಿ ಉದ್ದದ ಒಂದು ನೇರ ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. ಮುಂದೆ ಇಡೀ ಭಾರತದ ನಕ್ಷೆ ಮಾಡಿದ ಮಹಾ ತ್ರಿಕೋನಮಿತಿ ಸರ್ವೆಗೆ ಇದು ಪೀಠಿಕೆ. ಅವನ ತಲೆನೋವು ಏನಾಗಿತ್ತು ಗೊತ್ತಾ? ಬಿಸಿಲು! ನೂರಡಿ ಉಕ್ಕಿನ ಸರಪಳಿ 20 ಡಿಗ್ರಿ ಹೆಚ್ಚು ಕಾದರೆ ಕಾಲು ಅಂಗುಲಕ್ಕಿಂತ ಜಾಸ್ತಿ ಹಿಗ್ಗುತ್ತೆ. ಕಾಲು ಅಂಗುಲ ತಾನೇ ಅನ್ನಬೇಡಿ. ಏಳು ಮೈಲಿಗೆ ಆ ಸರಪಳಿಯನ್ನು 370 ಸಲ ಹಾಸಬೇಕು. ಆಗ ತಪ್ಪು ಎಂಟಡಿ ದಾಟುತ್ತೆ.

ಅದಕ್ಕೆ ಅವನು ಎರಡು ಕೆಲಸ ಮಾಡಿದ. ಸರಪಳಿಯ ಜೊತೆ ಥರ್ಮಾಮೀಟರ್ ಇಟ್ಟು ಶಾಖಕ್ಕೆ ತಕ್ಕ ತಿದ್ದುಪಡಿ ಹಾಕಿದ. ಆಮೇಲೆ, ಒಂದು ಸರಪಳಿಯಲ್ಲಿ ಅಳೆಯೋದು, ಇನ್ನೊಂದನ್ನು ನೆಲಕ್ಕೆ ಹಾಸದೆ ಬರೀ ಹೋಲಿಕೆಗೆ ಅಂತ ಜೋಪಾನವಾಗಿ ಇಡೋದು. ಆ ಎರಡನೇ ಸರಪಳಿಯೇ ಅವನ ಮುದ್ರೆ ಸೇರು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಗೆರೆ ಅಳೆದು, ಮದ್ರಾಸಿನಿಂದ ತ್ರಿಕೋನ ಲೆಕ್ಕದಲ್ಲಿ ಬಂದ ಉದ್ದದ ಜೊತೆ ಹೋಲಿಸಿದಾಗ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಶಾಖ, ಹೋಲಿಕೆ, ತಿದ್ದುಪಡಿ. ಈ ಮೂರು ಪದ ನೆನಪಿಟ್ಕೊಳ್ಳಿ, ಮುಂದೆ ಚಿಪ್ಪಿನೊಳಗೂ ಇವೇ ಬರ್ತವೆ.

ಅಣ್ಣಾ ಮಣಿ ಮತ್ತು ಪೆನ್ನಿನ ಗೆರೆ

ಭಾರತದ ಬಿಸಿಲನ್ನು ಕ್ರಮವಾಗಿ ಅಳೆದವರು ಯಾರು? ಮೊದಲು ಹೇಳಬೇಕಾದ ಹೆಸರು ಅಣ್ಣಾ ಮಣಿ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದವರು. 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದು, ಸಿ.ವಿ. ರಾಮನ್ ಅವರ ಲ್ಯಾಬಿನಲ್ಲಿ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿದರು. ಸಂಶೋಧನಾ ಲೇಖನಗಳು ಪ್ರಕಟವಾದವು, ಪ್ರಬಂಧವೂ ಸಿದ್ಧವಾಯಿತು. ಆದರೆ ಎಂಎಸ್‌ಸಿ ಪದವಿ ಇಲ್ಲ ಅನ್ನೋ ಕಾರಣಕ್ಕೆ ಪಿಎಚ್‌ಡಿ ಸಿಗಲಿಲ್ಲ.

ಅವರು ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೂರಲಿಲ್ಲ. ಸ್ಕಾಲರ್‌ಶಿಪ್ ಮೇಲೆ ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ವಾಪಸ್ ಬಂದು ಪುಣೆಯ ಹವಾಮಾನ ಇಲಾಖೆ ಸೇರಿದರು. ಸ್ವಾತಂತ್ರ್ಯ ಬಂದ ಹೊಸತು. ಸಾಮಾನ್ಯ ಉಪಕರಣಗಳೂ ಹೊರದೇಶದಿಂದ ಬರಬೇಕು. ಅಣ್ಣಾ ಮಣಿ ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಒಂದು ಮಾನಕಕ್ಕೆ ತಂದು, ಇಲ್ಲೇ ತಯಾರಾಗುವ ಹಾಗೆ ಮಾಡಿದರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ದೇಶದಲ್ಲಿ ಸೌರ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ಅಳತೆ ತಪ್ಪಾಗೋದಕ್ಕಿಂತ ಅಳತೆಯೇ ಇಲ್ಲದಿರೋದು ವಾಸಿ ಅನ್ನೋದು ಅವರ ನಿಲುವು. ಬಿಗಿ ಹೆಂಗಸು. ನಿವೃತ್ತಿಯಾದ ಮೇಲೆ ಬೆಂಗಳೂರಿಗೆ, ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. 1980ರ ದಶಕದ ಆರಂಭದಲ್ಲಿ ಭಾರತದ ಸೌರ ವಿಕಿರಣದ ಬಗ್ಗೆ ಅವರು ತಂದ ಕೈಪಿಡಿಗಳು ಮುಂದೆ ಸೋಲಾರ್ ಎಂಜಿನಿಯರ್‌ಗಳಿಗೆ ಪಂಚಾಂಗದ ಹಾಗಾದವು.

ಆ ಕಾಲದಲ್ಲಿ ಪೈರನೋಮೀಟರಿನ ಮಿಲಿವೋಲ್ಟು ಒಂದು ಪೆನ್ನನ್ನು ಅಲ್ಲಾಡಿಸೋದು. ಪೆನ್ನು ಸುತ್ತುತ್ತಿರೋ ಕಾಗದದ ಮೇಲೆ ಗೆರೆ ಎಳೆಯೋದು. ಬೆಳಿಗ್ಗೆ ಏರಿ, ಮಧ್ಯಾಹ್ನ ತುದಿ ಮುಟ್ಟಿ, ಸಂಜೆ ಇಳಿಯೋ ಗೆರೆ. ಮೋಡ ಬಂದರೆ ಹಲ್ಲು ಹಲ್ಲಾಗಿ ಕುಸಿಯೋ ಗೆರೆ. ಆಮೇಲೆ ಒಬ್ಬರು ಕೂತು ಆ ಗೆರೆಯನ್ನು ಗಂಟೆ ಗಂಟೆಗೆ ಓದಿ ಅಂಕಿ ಬರೀಬೇಕು. ಅಂದ್ರೆ ಅವತ್ತು ಎಡಿಸಿ ಕೆಲಸ ಮಾಡ್ತಿದ್ದದ್ದು ಒಬ್ಬ ಗುಮಾಸ್ತರ ಕಣ್ಣು.

ಬೆಟ್ಟದ ಇಳಿಜಾರು, ಬೆಟ್ಟದ ಮೆಟ್ಟಿಲು

ಆ ಕಣ್ಣಿನ ಕೆಲಸವನ್ನು ಯಂತ್ರಕ್ಕೆ ಕೊಡೋ ಪ್ರಯತ್ನ ಬೇರೆ ಕಡೆ ಶುರುವಾಗಿತ್ತು. 1937ರಲ್ಲಿ ಅಲೆಕ್ ರೀವ್ಸ್ ಅನ್ನೋ ಬ್ರಿಟಿಷ್ ಎಂಜಿನಿಯರ್ ಟೆಲಿಫೋನ್ ದನಿಯನ್ನು ಅಂಕಿಗಳಾಗಿ ಕಳಿಸೋ ವಿಧಾನ ಕಂಡುಹಿಡಿದ. 1954ರಲ್ಲಿ ಅಮೆರಿಕದ ಬರ್ನಾರ್ಡ್ ಗಾರ್ಡನ್ ಅವರ ಎಪ್ಸ್ಕೋ ಕಂಪನಿ ಡೇಟ್ರ್ಯಾಕ್ ಅನ್ನೋ ಎಡಿಸಿಯನ್ನು ಮಾರಾಟಕ್ಕೆ ತಂದಿತು. ಕವಾಟದ ರೇಡಿಯೋ ಕಾಲ ಅದು. ತೂಕ ಸುಮಾರು 68 ಕಿಲೋ, ಉರಿಯೋ ಕರೆಂಟು 500 ವಾಟ್, ಬೆಲೆ 8,000 ಡಾಲರಿಗೂ ಮೇಲೆ. ಇಪ್ಪತ್ತೇ ವರ್ಷದಲ್ಲಿ ಲೋಕ ಬದಲಾಯಿತು. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹ ತಯಾರಾಗಿದ್ದು ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ, ಉಡುಪಿ ಕಡೆಯ ಯು.ಆರ್. ರಾವ್ ಅವರ ನೇತೃತ್ವದಲ್ಲಿ. ಅದರ ಮೈಯ ಶಾಖ, ಬ್ಯಾಟರಿಯ ವೋಲ್ಟೇಜು ಎಲ್ಲ ಅಂಕಿಗಳಾಗಿಯೇ ಭೂಮಿಗೆ ಬರ್ತಿದ್ದವು. ಈಗ ನಾನು ಮಾತಾಡ್ತಿರೋ ಮೈಕಿನ ಹಿಂದೆಯೂ ಒಂದು ಎಡಿಸಿ ಇದೆ. ನಿಮ್ಮ ಫೋನಿನಲ್ಲಿ ಬ್ಯಾಟರಿ ಶೇಕಡಾವಾರು ತೋರಿಸೋದಕ್ಕೂ ಅದೇ ಬೇಕು.

ಎಡಿಸಿ ಏನು ಮಾಡುತ್ತೆ? ಮಧುಗಿರಿ ಏಕಶಿಲಾ ಬೆಟ್ಟ ಹತ್ತಿದ್ದೀರಾ? ಬಂಡೆಯ ಇಳಿಜಾರು ಎಲ್ಲೂ ತುಂಡಾಗದೆ ನುಣ್ಣಗೆ ಏರುತ್ತೆ. ಅದು ಅನಲಾಗ್. ಕಡಿದಾದ ಕಡೆ ಬಂಡೆಯಲ್ಲಿ ಕಾಲಿಡೋಕೆ ಮೆಟ್ಟಿಲು ಕೊರೆದಿದ್ದಾರೆ. ಅದು ಡಿಜಿಟಲ್. ನೀವು ನಿಲ್ಲೋಕಾಗೋದು ಮೆಟ್ಟಿಲ ಮೇಲೆ ಮಾತ್ರ, ನಡುವೆ ಅಲ್ಲ. ಎಡಿಸಿ ಕೂಡ ವೋಲ್ಟೇಜಿನ ಬೆಟ್ಟಕ್ಕೆ ಮೆಟ್ಟಿಲು ಕೊರೆದು, ಈಗ ಎಷ್ಟನೇ ಮೆಟ್ಟಿಲಲ್ಲಿ ಇದೀವಿ ಅಂತ ಹೇಳುತ್ತೆ. 10 ಬಿಟ್ ಅಂದ್ರೆ 1,024 ಮೆಟ್ಟಿಲು. 12 ಬಿಟ್ ಅಂದ್ರೆ 4,096.

ಎಂಜಿನಿಯರಿಂಗ್ ಓದ್ತಿರೋರು ಆರ್ಡುಯಿನೋ ಬೋರ್ಡ್ ನೋಡಿರ್ತೀರಿ. ಅದರಲ್ಲಿ 5 ವೋಲ್ಟಿಗೆ 1,024 ಮೆಟ್ಟಿಲು, ಒಂದೊಂದು ಮೆಟ್ಟಿಲು ಹೆಚ್ಚು ಕಡಿಮೆ 4.9 ಮಿಲಿವೋಲ್ಟ್ ಎತ್ತರ. ನಮ್ಮ ಪೈರನೋಮೀಟರ್ ಕೊಡೋದೇ 10 ಮಿಲಿವೋಲ್ಟ್. ನೇರವಾಗಿ ಜೋಡಿಸಿದರೆ ಪಾವಗಡದ ಸೂರ್ಯ ರಾತ್ರಿ 0, ಬೆಳಿಗ್ಗೆ 1, ನಡು ಮಧ್ಯಾಹ್ನ 2. ಮುಗೀತು ಕಥೆ! ಅದಕ್ಕೇ ಮೊದಲು ಆಂಪ್ಲಿಫೈಯರ್ ಹಾಕಿ 400 ಪಟ್ಟು ದೊಡ್ಡದು ಮಾಡಿ, 10 ಮಿಲಿವೋಲ್ಟನ್ನು 4 ವೋಲ್ಟ್ ಮಾಡ್ತಾರೆ. ಇಲ್ಲಾಂದ್ರೆ ಸಣ್ಣ ಸಣ್ಣ ಮೆಟ್ಟಿಲುಗಳಿರೋ 24 ಬಿಟ್‌ನ ಎಡಿಸಿ ಹಾಕ್ತಾರೆ.

ತಪ್ಪು ಎಲ್ಲಿ ಕೂತಿರುತ್ತೆ?

ಈಗ ನಿಜವಾದ ಸಮಸ್ಯೆ. ಎಡಿಸಿ ಮೂರು ಥರ ಸುಳ್ಳು ಹೇಳುತ್ತೆ, ಮೂರೂ ಲ್ಯಾಂಬ್ಟನ್ ಕಾಲದವೇ.

ಒಂದು, ಸೊನ್ನೆಯೇ ಸೊನ್ನೆಯಲ್ಲ. ಏನೂ ಬರದಿದ್ದಾಗಲೂ 0 ಬದಲು 12 ಅಂತ ತೋರಿಸಬಹುದು. ತಕ್ಕಡಿಯ ಖಾಲಿ ತಟ್ಟೆಯೇ ಸ್ವಲ್ಪ ಕೆಳಗೆ ಜಗ್ಗಿದ ಹಾಗೆ. ಇದು ಆಫ್‌ಸೆಟ್.

ಎರಡು, ಮೆಟ್ಟಿಲುಗಳ ಎತ್ತರವೇ ಬೇರೆ. 5 ವೋಲ್ಟ್ ಅಂತ ನಂಬಿಕೊಂಡಿರೋ ರೆಫರೆನ್ಸ್ ನಿಜಕ್ಕೂ 4.8 ಇದ್ದರೆ, ಎಲ್ಲಾ ಅಂಕಿಗಳೂ ಶೇ 4ರಷ್ಟು ಉಬ್ಬುತ್ತವೆ. 1,000 ವಾಟ್ ಬಿಸಿಲು 1,042 ಅಂತ ಕಾಣುತ್ತೆ. ಇದು ಗೇನ್ ತಪ್ಪು. ಒಳಗಡೆ ತಳ ಏರಿಸಿದ ಕಳ್ಳ ಸೇರು ಇದೇ ತಾನೇ?

ಮೂರು, ಶಾಖ. ಬೆಳಿಗ್ಗೆ 20 ಡಿಗ್ರಿಯಲ್ಲಿದ್ದ ಡಬ್ಬ ಮಧ್ಯಾಹ್ನ ಒಳಗೆ 60 ಡಿಗ್ರಿಗೆ ಕಾಯಬಹುದು. ಅಗ್ಗದ ರೆಫರೆನ್ಸ್ ಚಿಪ್ ಆ ಶಾಖಕ್ಕೆ ಜಾರುತ್ತೆ. ಬಿಸಿಲನ್ನು ಅಳೆಯೋ ಯಂತ್ರವನ್ನು ಬಿಸಿಲೇ ಕೆಡಿಸುತ್ತೆ.

ಮದ್ದು ಏನು? ಗೊತ್ತಿಲ್ಲದ್ದನ್ನು ಅಳೆಯೋ ಮುಂಚೆ ಗೊತ್ತಿರೋದನ್ನು ಅಳೆಸಿ ನೋಡೋದು. ಉದಾಹರಣೆಗೆ ನಮ್ಮ 12 ಬಿಟ್ ಎಡಿಸಿಯ ಎರಡು ತಂತಿ ಒಂದಕ್ಕೊಂದು ಸೇರಿಸಿ ಸೊನ್ನೆ ವೋಲ್ಟ್ ಕೊಟ್ಟೆವು ಅನ್ನಿ. ಅದು 12 ಅಂದಿತು. ಆಮೇಲೆ ನಂಬಿಕಸ್ಥ ಮೂಲದಿಂದ ಸರಿಯಾಗಿ 4 ವೋಲ್ಟ್ ಕೊಟ್ಟೆವು. 3,300 ಅಂದಿತು. ಈಗ ಮಧ್ಯೆ ಇರೋದು 3,288 ಮೆಟ್ಟಿಲು, ಅದಕ್ಕೆ 4 ವೋಲ್ಟ್. ನಾಳೆ ಬಿಸಿಲಲ್ಲಿ ಅದು 1,656 ಅಂದರೆ, ಮೊದಲು 12 ಕಳೀಬೇಕು. ಉಳಿಯೋದು 1,644, ಅಂದ್ರೆ ಸರಿಯಾಗಿ ಅರ್ಧ. ಉತ್ತರ 2 ವೋಲ್ಟ್, ಬಿಸಿಲು 500 ವಾಟ್. ಈ ತಿದ್ದುಪಡಿ ಮಾಡದೆ ನೇರ ಲೆಕ್ಕ ಹಾಕಿದ್ದರೆ 505 ಬರ್ತಿತ್ತು. ಎರಡು ಗುರುತು, ಒಂದು ಗೆರೆ, ಅಷ್ಟೇ. ಏಳನೇ ಕ್ಲಾಸಿನ ಗಣಿತ.

ಒಂದು ತಮಾಷೆ ಕೇಳಿ. ರಾತ್ರಿ ಬಿಸಿಲು ಇರಲ್ಲ, ಅದನ್ನೇ ಸೊನ್ನೆ ಅಂತ ತಗೊಂಡ್ರೆ ಆಯ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಆಗಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ಗಾಜಿನ ಗುಮ್ಮಟ ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗುತ್ತೆ, ಆಗ ಪೈರನೋಮೀಟರ್ ಸೊನ್ನೆಗಿಂತ ಕೆಳಗೆ, ಮೈನಸ್ ಕೆಲವು ವಾಟ್ ತೋರಿಸುತ್ತೆ. ಅದು ಎಡಿಸಿಯ ತಪ್ಪಲ್ಲ, ಸೆನ್ಸರಿನ ಗುಣ. ಯಾರ ತಪ್ಪು ಯಾರದ್ದು ಅಂತ ಬೇರೆ ಮಾಡೋಕೆ ಎಡಿಸಿಯನ್ನು ಬೇರೆಯಾಗಿಯೇ ಪರೀಕ್ಷೆ ಮಾಡಬೇಕು, ಪೈರನೋಮೀಟರನ್ನು ಬೇರೆಯಾಗಿಯೇ.

ಪೈರನೋಮೀಟರಿಗೆ ಮುದ್ರೆ ಒತ್ತೋದು ಎಲ್ಲಿ? ಅದನ್ನು ಇನ್ನೂ ಒಳ್ಳೆಯ ಉಪಕರಣದ ಪಕ್ಕ, ಅದೇ ಬಿಸಿಲಲ್ಲಿ ಇಟ್ಟು ಹೋಲಿಸ್ತಾರೆ. ಆ ಒಳ್ಳೆಯದನ್ನು ಅದಕ್ಕಿಂತ ಒಳ್ಳೆಯದರ ಜೊತೆ. ಹೀಗೆ ಹತ್ತುತ್ತಾ ಹೋದರೆ ತುದಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್. ಅಲ್ಲಿರೋ ಒಂದು ಗುಂಪು ಉಪಕರಣಗಳು ಇಡೀ ಲೋಕದ ಬಿಸಿಲಿಗೆ ಮುದ್ರೆ ಸೇರು. ಐದು ವರ್ಷಕ್ಕೊಮ್ಮೆ ದೇಶ ದೇಶದವರು ತಮ್ಮ ಉಪಕರಣ ಹೊತ್ತು ಅಲ್ಲಿಗೆ ಹೋಗಿ ಹೋಲಿಸಿಕೊಂಡು ಬರ್ತಾರೆ. ಪಾವಗಡದ ಬಿಸಿಲಿನ ಅಂಕಿ ನಂಬಿಕೆಗೆ ಅರ್ಹ ಆಗೋದು ಈ ಸರಪಳಿಯ ಒಂದು ಕೊಂಡಿಯೂ ಕಳಚದೆ ಇದ್ದಾಗ ಮಾತ್ರ.

ಶೇ 1 ಅಂದ್ರೆ ಯಾರಿಗೇನು?

ಶೇ 1ರಷ್ಟು ತಪ್ಪಾದರೆ ಏನು ಮುಳುಗಿಹೋಗುತ್ತೆ? ಲೆಕ್ಕ ನೋಡಿ. 2,050 ಮೆಗಾವಾಟಿನ ಶೇ 1 ಅಂದ್ರೆ 20 ಮೆಗಾವಾಟಿಗೂ ಹೆಚ್ಚು. ಬಿಸಿಲಿನ ಅಂಕಿ ಉಬ್ಬಿದ್ದರೆ ಪ್ಯಾನೆಲ್‌ಗಳು ಅಷ್ಟು ಕಡಿಮೆ ಕೆಲಸ ಮಾಡಿದ ಹಾಗೆ ಕಾಣ್ತವೆ. ಆಗ ಮೊದಲ ಅನುಮಾನ ಧೂಳಿನ ಮೇಲೆ. ಧೂಳು ಅಂದ್ರೆ ತೊಳೀಬೇಕು. ತೊಳೆಯೋಕೆ ನೀರು ಬೇಕು. ಬರಕ್ಕೆ ಹೆಸರಾದ ಪಾವಗಡದಲ್ಲಿ, ಕೊಳವೆಬಾವಿಯಲ್ಲಿ ಫ್ಲೋರೈಡ್ ಸಮಸ್ಯೆ ಇರೋ ಸೀಮೆಯಲ್ಲಿ, ಒಂದು ಚಿಪ್ಪಿನ ಸುಳ್ಳು ನೀರಾಗಿ ಹರಿದುಹೋಗಬಹುದು. ಉಲ್ಟಾನೂ ಆಗುತ್ತೆ. ಪೈರನೋಮೀಟರಿನ ಗುಮ್ಮಟದ ಮೇಲೇ ಧೂಳು ಕೂತರೆ ಬಿಸಿಲು ಕಮ್ಮಿ ಅಂತ ತೋರಿಸುತ್ತೆ, ಕೊಳೆಯಾದ ಪ್ಯಾನೆಲ್‌ಗಳೂ ಜಾಣರ ಹಾಗೆ ಕಾಣ್ತವೆ.

ಸೋಲಾರ್ ಪಾರ್ಕಿನ ಆಚೆಗೂ ಇದೇ ಕಥೆ. 1988ರಲ್ಲಿ ಕರ್ನಾಟಕ ಸರ್ಕಾರ ಬರ ಗಮನಿಸೋಕೆ ಅಂತ ಒಂದು ಕೋಶ ಶುರು ಮಾಡಿತು. ಅದೇ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆಯಿತು. ಇವತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಅಂಕಿ ಕಳಿಸೋ ಮಳೆಮಾಪಕಗಳಿವೆ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳಿವೆ. ಮಳೆಮಾಪಕದೊಳಗೆ ಪುಟ್ಟ ಬೋಗುಣಿ ತುಂಬಿ ಮಗುಚುತ್ತೆ, ಮಗುಚಿದ ಲೆಕ್ಕವೇ ಮಳೆ. ಅದಕ್ಕೂ ಪರೀಕ್ಷೆ ಸುಲಭ: ಅಳೆದ ನೀರನ್ನು ನಿಧಾನಕ್ಕೆ ಸುರಿದು, ಎಷ್ಟು ಸಲ ಮಗುಚಿತು ಅಂತ ಎಣಿಸೋದು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ಬರುತ್ತೋ ಇಲ್ಲವೋ ಅನ್ನೋದು ಇಂಥ ಅಂಕಿಗಳ ಮೇಲೆ ನಿಂತಿರುತ್ತೆ. ಗಡಿಗೆರೆಯ ಹತ್ತಿರ ಒಂದೆರಡು ಮಿಲಿಮೀಟರ್ ಅಂದ್ರೆ ಒಂದು ಮನೆಯ ವರ್ಷದ ಲೆಕ್ಕ.

ಎಲ್ಲವೂ ಸೆನ್ಸರಿಗೆ ಸಿಗಲ್ಲ ಅನ್ನೋದನ್ನೂ ಹೇಳಬೇಕು. ಕ್ಯಾತಗಾನಚೆರ್ಲು ಸುತ್ತಮುತ್ತ ಜಮೀನಿದ್ದವರಿಗೆ ಗುತ್ತಿಗೆ ಹಣ ಬಂತು. ಆ ಜಮೀನುಗಳಲ್ಲಿ ಕಳೆ ಕೀಳ್ತಾ, ಕಡ್ಲೆಕಾಯಿ ಬಿಡಿಸ್ತಾ ಬದುಕಿದ್ದ ಭೂಮಿಯಿಲ್ಲದ ಕೂಲಿಯವರಿಗೆ ಎಕರೆ ಲೆಕ್ಕದಲ್ಲಿ ಏನೂ ಬರಲಿಲ್ಲ. ಅವರ ಕೆಲಸ ಹೋದದ್ದು ಪತ್ರಿಕೆಗಳಲ್ಲಿ ವರದಿಯಾಗಿದೆ. ಬಿಸಿಲನ್ನು ದಾವೋಸ್‌ವರೆಗೆ ಹೋಲಿಸಿ ಅಳೆಯೋ ನಾವು, ಆ ನಷ್ಟವನ್ನು ಯಾವ ಸೇರಿನಲ್ಲಿ ಅಳೆದೆವು? ಏನನ್ನು ಅಳೀಬೇಕು ಅಂತ ತೀರ್ಮಾನ ಮಾಡೋದು ಯಾವತ್ತೂ ಚಿಪ್ಪಲ್ಲ, ಮನುಷ್ಯರು.

ನಿಮ್ಮಲ್ಲಿ ಕೆಲವರು ನಾಳೆ ಸೆನ್ಸರ್ ಜೋಡಿಸೋ ಕೆಲಸಕ್ಕೆ ಹೋಗ್ತೀರಿ. ಇನ್ನು ಕೆಲವರು ಊರಲ್ಲಿ ವಿಮೆ ಅರ್ಜಿ ಹಿಡಿದು ನಿಲ್ತೀರಿ. ಪರದೆ ಮೇಲೆ ಪಾಯಿಂಟ್ ಆದಮೇಲೆ ಎರಡು ಅಂಕಿ ಇದ್ದ ಮಾತ್ರಕ್ಕೆ ಅದು ನಿಜ ಅಲ್ಲ. ಯಾರಾದರೂ ಒಂದು ಅಂಕಿ ಮುಂದಿಟ್ಟರೆ ಕೇಳಿ: ಸೊನ್ನೆ ಕೊಟ್ಟಾಗ ಇದು ಏನು ಹೇಳಿತ್ತು? ಗೊತ್ತಿರೋ ಅಳತೆ ಕೊಟ್ಟಾಗ ಏನು ಹೇಳಿತ್ತು? ಕೊನೆಯ ಸಲ ಹೋಲಿಸಿ ನೋಡಿದ ತಾರೀಖು ಯಾವುದು? ಸಂತೆಯಲ್ಲಿ ಸೇರು ತಿರುಗಿಸಿ ಮುದ್ರೆ ನೋಡ್ತಿದ್ದ ಜನ ನಾವು. ಆ ಅಭ್ಯಾಸ ಬಿಡೋದು ಬೇಡ.

ಇವತ್ತಿಗೆ ಇಷ್ಟು. ನಿಮ್ಮೂರಿನ ಮಳೆಮಾಪಕ ಎಲ್ಲಿದೆ ಅಂತ ಒಮ್ಮೆ ಹುಡುಕಿ ನೋಡಿ. ಮುಂದಿನ ವಾರ ಇನ್ನೊಂದು ಕಥೆಯ ಜೊತೆ ಸಿಗ್ತೀನಿ.